ಅಕ್ಕಿಯಲ್ಲಿ ಬರೆದ ಹೆಸರು

ಹೋದ ವರ್ಷ ಸಾವಳಗಿಯ ತವರುಮನೆಯಲ್ಲಿ ಅಣ್ಣನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದೆವು. ಕೂಸಿಗೆ ನಮ್ಮ ಆಯಿಯ ಹೆಸರೇ ಇಡಬೇಕೆಂದು ನನ್ನ ಹಟ.

"ಯಾವ ಹೆಸರವಾ?" ಎಂದ ಅಣ್ಣ.

ಆಯಿಗೆ ಎರಡು ಹೆಸರಿದ್ದವು. ಒಂದು ಅವಳ ಅವ್ವ ಕರೆದದ್ದು. ಇನ್ನೊಂದು ಮದುವೆಯ ದಿನ ಗಂಡನ ಮನೆಯವರು ಹರಿವಾಣದ ಅಕ್ಕಿಯಲ್ಲಿ ಉಂಗುರದಿಂದ ಬರೆಸಿದ್ದು. ಹೊಲದ ಉತಾರದಲ್ಲಿರುವುದು ಅಕ್ಕಿಯ ಹೆಸರು. ಅವ್ವನ ಹೆಸರನ್ನು ಬಲ್ಲವರು ಈಗ ಒಬ್ಬರೂ ಇಲ್ಲ.

ನಮ್ಮ ಜಿಲ್ಲೆಗೆ ಹೆಸರು ಜೋಪಾನ ಮಾಡಲು ಬರುವುದಿಲ್ಲವೇ? ಬಾದಾಮಿಯಲ್ಲಿ 543ರಲ್ಲಿ ಕೋಟೆ ಕಟ್ಟಿಸಿದವನು ಪುಲಕೇಶಿ. ಅವನ ಮೊಮ್ಮಗನೂ ಪುಲಕೇಶಿ. ಆಮೇಲೆ ಒಬ್ಬ ವಿಕ್ರಮಾದಿತ್ಯ, ಅವನ ಮರಿಮಗನೂ ವಿಕ್ರಮಾದಿತ್ಯ. 1076ರಲ್ಲಿ ಕಲ್ಯಾಣದ ಪಟ್ಟವೇರಿದವನು ಆರನೆಯ ವಿಕ್ರಮಾದಿತ್ಯ! ಒಂದನೆಯವನು, ಎರಡನೆಯವನು ಎಂದು ಎಣಿಸಿ ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ.

ಯುರೋಪಿನಲ್ಲೂ ಹೀಗೆಯೇ. ಜರ್ಮನ್ ಮೂಲದ ಆರ್ನುಲ್ಫ್ ಎಂಬ ಹೆಸರಿದೆ. ಹದ್ದು ಮತ್ತು ತೋಳ ಕೂಡಿ ಆದದ್ದು. ಏಳನೆಯ ಶತಮಾನದ ಮೆಟ್ಸ್ ಊರಿನ ಬಿಷಪ್ಪನದು ಅದೇ ಹೆಸರು, 896ರಲ್ಲಿ ರೋಮಿನಲ್ಲಿ ಚಕ್ರವರ್ತಿಯ ಕಿರೀಟ ಧರಿಸಿದವನದೂ ಅದೇ, 991ರಲ್ಲಿ ಪದವಿ ಕಳೆದುಕೊಂಡ ರೀಮ್ಸಿನ ಆರ್ಚ್‌ಬಿಷಪ್ಪನದೂ ಅದೇ. ಊರು, ಪದವಿ ಹಚ್ಚಿ ಪಂಡಿತರು ಒಬ್ಬೊಬ್ಬರನ್ನೂ ಬೇರೆ ಮಾಡಿ ಇಟ್ಟಿದ್ದಾರೆ. ಮೂವರು ಗಂಡಸರಿಗೆ ಒಂದೇ ಹೆಸರಿದ್ದರೂ ಮೂವರೂ ಉಳಿದರು. ಆಯಿ ಒಬ್ಬಳಿಗೆ ಎರಡು ಹೆಸರಿದ್ದೂ ಅವಳದೆಂಬ ಹೆಸರು ಉಳಿಯಲಿಲ್ಲ.

"ಮಠದ ಸ್ವಾಮಿಗಳೂ ಹೆಸರು ಬದಲಿಸುತ್ತಾರಲ್ಲ?" ಎಂದು ಕೇಳುವವರಿದ್ದಾರೆ. ಹೌದು, ಬದಲಿಸುತ್ತಾರೆ. ಆದರೆ ಅವರ ಚರಿತ್ರೆ ಬರೆಯುವಾಗ ಪೂರ್ವಾಶ್ರಮದ ಹೆಸರನ್ನು ತಪ್ಪದೆ ಬರೆಯುತ್ತಾರೆ. ನಮಗೆ ಪೂರ್ವಾಶ್ರಮವೇ ಇರಲಿಲ್ಲವೇ? ಹದಿನೆಂಟು ವರ್ಷ ಆ ಹೆಸರಿನಲ್ಲಿ ಬೈಸಿಕೊಂಡು, ಮುದ್ದು ಮಾಡಿಸಿಕೊಂಡು ಬೆಳೆದದ್ದು ಸುಳ್ಳೇ?

ಪಟ್ಟದಕಲ್ಲಿಗೆ ಹೋದಾಗ ನೋಡಿ. ಗಂಡ ಎರಡನೆಯ ವಿಕ್ರಮಾದಿತ್ಯ ಕಂಚಿ ಗೆದ್ದುದರ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿಗೆ ಅವಳ ಹೆಸರಿನಿಂದ ಲೋಕೇಶ್ವರ ಎಂದೇ ಹೆಸರಿತ್ತು. ಈಗ ಅದು ವಿರೂಪಾಕ್ಷ. ಅವಳ ತಂಗಿ ತ್ರೈಲೋಕ್ಯಮಹಾದೇವಿಯ ಗುಡಿ ಈಗ ಮಲ್ಲಿಕಾರ್ಜುನ. ಅವರ ಮಾವ ವಿಜಯಾದಿತ್ಯನ ವಿಜಯೇಶ್ವರವೂ ಸಂಗಮೇಶ್ವರವಾಗಿದೆ, ನಿಜ. ಆದರೆ ಗುಡಿಯ ಹೆಸರು ಹೋದರೂ ರಾಜನ ಹೆಸರಿಗೆ ವಂಶಾವಳಿ ಇದೆ. ರಾಣಿಯರ ಹೆಸರು ಕಲ್ಲಿನಲ್ಲಿ ಕೊರೆದಿದ್ದಕ್ಕೆ ಉಳಿಯಿತು. ಅಕ್ಕಿಯಲ್ಲಿ ಬರೆದಿದ್ದರೆ?

ಗಂಡನ ಹೆಸರು ಹೇಳಬೇಕಾದರೆ ನಾವು ನಾಚಿಕೊಂಡು ಒಡಪು ಕಟ್ಟುತ್ತೇವೆ. ನಮ್ಮ ಹೆಸರು ಹೋದದ್ದಕ್ಕೆ ಯಾರೂ ಒಂದು ಮಾತೂ ಕಟ್ಟಲಿಲ್ಲ. 2013ರ ಆಹಾರ ಭದ್ರತೆಯ ಕಾಯ್ದೆ ರೇಷನ್ ಕಾರ್ಡಿನಲ್ಲಿ ಮನೆಯ ಹಿರಿಯ ಹೆಣ್ಣನ್ನೇ ಯಜಮಾನಿ ಎಂದಿದೆ. ಅಲ್ಲಿ ಕೂತಿರುವುದೂ ಎಷ್ಟೋ ಮನೆಗಳಲ್ಲಿ ಆ ಅಕ್ಕಿಯ ಹೆಸರೇ.

ಅದು ಶಾಸ್ತ್ರ, ಪ್ರೀತಿಯಿಂದ ಇಡುವ ಹೆಸರು ಎನ್ನುತ್ತಾರೆ. ಪ್ರೀತಿಯಿದ್ದರೆ ಇದ್ದ ಹೆಸರಿನಿಂದಲೇ ಕರೆಯಬಹುದಲ್ಲ? ತಂಗಿಯರೇ, ಅತ್ತೆಯಾಗುವ ಸರದಿ ಈಗ ನಮ್ಮದು. ಹರಿವಾಣ ನಮ್ಮ ಕೈಯಲ್ಲಿದೆ. ಬರೆಯಲೇಬೇಕೆಂದಿದ್ದರೆ, ಸೊಸೆ ತಂದ ಹೆಸರನ್ನೇ ಬರೆಯೋಣ.

ಕೂಸಿಗೆ ಕೊನೆಗೆ ಹೊಸ ಹೆಸರನ್ನೇ ಇಟ್ಟೆವು. ಅದನ್ನು ಯಾರ ಮನೆಯ ಅಕ್ಕಿಗೂ ಬಿಟ್ಟುಕೊಡಬೇಡ ಎಂದು ಅದರ ಅವ್ವನಿಗೆ ಹೇಳಿ ಬಂದಿದ್ದೇನೆ.