ಕೂಸು ಮಾತಾಡದಿದ್ದರೆ ಕಾಯಬೇಡಿ

ಅಕ್ಕಲಕೋಟೆ ತಾಲೂಕಿನ ದುಧನಿ, ಮೈಂದರ್ಗಿ, ನಾಗಣಸೂರು, ತಡವಳದ ತಾಯಂದಿರೇ, ಅಜ್ಜಿಯಂದಿರೇ, ಎರಡು ವರ್ಷವಾದರೂ ಕೂಸು ಮಾತಾಡದಿದ್ದರೆ ನಮ್ಮ ಕಡೆ ಏನನ್ನುತ್ತೇವೆ? “ಇವರಪ್ಪಗೂ ಮಾತು ತಡಾನೇ ಬಂದಿತ್ತು, ಬಿಡ್ರಿ.” ಆ ಮಾತಿನಲ್ಲಿ ಪ್ರೀತಿಯಿದೆ. ಆದರೆ ಕೂಸಿಗೆ ಕಿವಿಯೇ ಕೇಳದಿದ್ದರೆ, ಹೀಗೆ ಕಳೆದ ಒಂದೊಂದು ತಿಂಗಳೂ ಅದಕ್ಕೆ ನಷ್ಟ.

ಕೇಳುವುದು ಕಿವಿಯಲ್ಲಿ ಮುಗಿಯುವ ಕೆಲಸವಲ್ಲ, ಅದನ್ನು ಮಿದುಳು ಕಲಿಯಬೇಕು. ಆ ಕಲಿಕೆ ಎಲ್ಲಿಗೆ ಬಂದಿದೆ ಎಂದು ತಿಳಿಯಲು ತಲೆಗೆ ಸಣ್ಣ ತಂತಿಗಳನ್ನು ಅಂಟಿಸಿ, ಸದ್ದು ಮಾಡಿ, ಮಿದುಳು ಓಗೊಡಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆಯುತ್ತಾರೆ. ಹಾಗೆ ಓಗೊಡುವಾಗ ಮಿದುಳಿನಲ್ಲಿ ಏಳುವ ಪಿ1 ಎಂಬ ವಿದ್ಯುತ್ ಅಲೆ ಹಸುಗೂಸಿನಲ್ಲಿ ಸುಮಾರು 300 ಮಿಲಿಸೆಕೆಂಡಿಗೆ ಏಳುತ್ತದೆ, ದೊಡ್ಡವರಲ್ಲಿ ಸುಮಾರು 60ಕ್ಕೆ. ಈ ಚುರುಕು ಬರುವುದು ದಿನವೂ ಕಿವಿಗೆ ಬೀಳುವ ಮಾತಿನಿಂದ, ಜೋಗುಳದಿಂದ, ಬೈಗುಳದಿಂದಲೂ.

ಅಮೆರಿಕದಲ್ಲಿ ಅನು ಶರ್ಮಾ ಮತ್ತು ಸಂಗಡಿಗರು ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಕ್ರಿಯೆಯಿಂದ ಕೂರಿಸುವ, ಕಿವಿಯ ನರಕ್ಕೆ ಸದ್ದು ಮುಟ್ಟಿಸುವ ಯಂತ್ರ) ಹಾಕಿಸಿಕೊಂಡ 104 ಹುಟ್ಟುಕಿವುಡ ಮಕ್ಕಳಲ್ಲಿ ಈ ಅಲೆಯನ್ನು ಅಳೆದು 2002ರಲ್ಲಿ ಪ್ರಕಟಿಸಿದರು. ಮೂರೂವರೆ ವರ್ಷದೊಳಗೆ ಇಂಪ್ಲಾಂಟ್ ಆದವರಲ್ಲಿ ಆರು ತಿಂಗಳ ಬಳಕೆಗೇ ಅದು ವಯಸ್ಸಿಗೆ ತಕ್ಕ ಮಟ್ಟಕ್ಕೆ ಬಂದಿತ್ತು. ಏಳು ದಾಟಿದ ಮೇಲೆ ಆದವರಲ್ಲಿ ಹೆಚ್ಚಿನವರು ವರ್ಷಗಳ ನಂತರವೂ ಹಿಂದುಳಿದಿದ್ದರು. ಯಂತ್ರ ಅದೇ, ಶಸ್ತ್ರಕ್ರಿಯೆಯೂ ಅದೇ. ತಡವಾದಷ್ಟೂ, ಸದ್ದು ಬಾರದೆ ಉಳಿದ ಮಿದುಳಿನ ಜಾಗವನ್ನು ನೋಟ, ಸ್ಪರ್ಶದ ಕೆಲಸಗಳು ಆಕ್ರಮಿಸತೊಡಗಿರುತ್ತವೆ. ತಡವಾದ ಮಕ್ಕಳನ್ನು ಕೈಬಿಡಿ ಎಂದಲ್ಲ. ಅವರಿಗೆ ಸನ್ನೆಭಾಷೆಯೂ ಶಾಲೆಯೂ ಗೌರವವೂ ಸಿಗಲೇಬೇಕು. ಆದರೆ ಆ ತಡ ನಮ್ಮ ಉದಾಸೀನದಿಂದ ಆಗಬಾರದು.

ರಕ್ತಸಂಬಂಧದಲ್ಲಿ ಮದುವೆಯಾದ ಮನೆಗಳಲ್ಲಿ ಹುಟ್ಟುಕಿವುಡಿನ ಸಂಭವ ಹೆಚ್ಚು. ಅದಕ್ಕೆ ಸೊಸೆಯನ್ನು ಹಳಿಯುವುದು ಅನ್ಯಾಯ. ಸಿದ್ಧರಾಮೇಶ್ವರನಿಗೆ, ಸ್ವಾಮಿ ಸಮರ್ಥರಿಗೆ ಹರಕೆ ಹೊರಿ, ಬೇಡ ಅನ್ನುವುದಿಲ್ಲ. ಹರಕೆ ಹೊತ್ತ ವಾರವೇ ಪರೀಕ್ಷೆಯೂ ಆಗಲಿ.

ಸರ್ಕಾರಕ್ಕೂ ಒಂದು ಮಾತು. ಮಕ್ಕಳ ತಪಾಸಣೆಯ ರಾಷ್ಟ್ರೀಯ ಕಾರ್ಯಕ್ರಮ 2013ರಲ್ಲಿ ಶುರುವಾದದ್ದು ಇದೇ ಮಹಾರಾಷ್ಟ್ರದ ಪಾಲ್ಘರ್‌ನಿಂದ. ಹುಟ್ಟುಕಿವುಡು ಅದರ ಪಟ್ಟಿಯಲ್ಲಿದೆ. ಹಾಗಿದ್ದ ಮೇಲೆ ಅಕ್ಕಲಕೋಟೆ ತಾಲೂಕಿನಲ್ಲಿ ಹುಟ್ಟುವ ಪ್ರತಿ ಕೂಸಿನ ಕಿವಿಯನ್ನೂ ಮೊದಲ ತಿಂಗಳಲ್ಲೇ ಪರೀಕ್ಷಿಸಬೇಕು. ಬಡ ಮಕ್ಕಳಿಗೆ ಇಂಪ್ಲಾಂಟ್ ಕೊಡುವ ಕೇಂದ್ರದ ಅಡಿಪ್ ಯೋಜನೆಯ 2014ರ ನಿಯಮ ಇಡೀ ದೇಶಕ್ಕೆ ವರ್ಷಕ್ಕೆ 500 ಮಕ್ಕಳೆಂದು ಲೆಕ್ಕ ಹಾಕಿತು. ಇಷ್ಟು ದೊಡ್ಡ ದೇಶಕ್ಕೆ ಐನೂರು! ಹುಟ್ಟುಕಿವುಡ ಮಕ್ಕಳಿಗೆ ಅದರಲ್ಲಿ ಐದು ವರ್ಷದ ಮಿತಿ. ಮಿದುಳಿನ ಮಿತಿ ಅದಕ್ಕೂ ಮುಂಚಿನದು. ಅರ್ಜಿಯೊಂದು ಮೇಜಿನ ಮೇಲೆ ಆರು ತಿಂಗಳು ಕೂತರೆ, ಆ ಆರು ತಿಂಗಳನ್ನು ಯಾವ ಅಧಿಕಾರಿಯೂ ಮಗುವಿಗೆ ಮರಳಿ ಕೊಡಲಾರ.

ಯಂತ್ರ ಹಾಕಿಸಿದ ಮೇಲಿನ ದೊಡ್ಡ ಕೆಲಸ ಮನೆಯದು. ಕಾಗದಪತ್ರ ಮರಾಠಿಯಲ್ಲಿ ಬರುತ್ತದೆ, ತರಬೇತಿಯೂ ಮರಾಠಿಯಲ್ಲಿ ಸಿಗಬಹುದು. ಆದರೆ ತಾಯಿ ತನಗೆ ಸರಿಯಾಗಿ ಬಾರದ ಭಾಷೆಯಲ್ಲಿ ತಡವರಿಸಬೇಕಿಲ್ಲ. ರೊಟ್ಟಿ ಬಡಿಯುವಾಗ, ಎರೆಯುವಾಗ, ತೊಟ್ಟಿಲು ತೂಗುವಾಗ ನಮ್ಮ ಕನ್ನಡವನ್ನೇ ಧಾರಾಳವಾಗಿ ಆಡಲಿ. ಮರಾಠಿ ಆಮೇಲೆ ಬರುತ್ತದೆ, ಓಣಿಯ ಎಲ್ಲ ಮಕ್ಕಳಿಗೂ ಬಂದ ಹಾಗೆ. ಎಚ್ಚರವಿದ್ದಷ್ಟು ಹೊತ್ತೂ ಯಂತ್ರ ಕಿವಿಯ ಮೇಲಿರಲಿ.

ಆಶಾ ತಾಯಿಯವರೇ, ಅಂಗನವಾಡಿಯ ಅಕ್ಕಂದಿರೇ, ಕನ್ನಡ ಶಾಲೆಯ ಗುರುಗಳೇ, ಹೆಸರು ಕರೆದರೆ ತಿರುಗಿ ನೋಡದ ಕೂಸು ನಿಮ್ಮ ಓಣಿಯಲ್ಲಿದ್ದರೆ, ಆ ಮನೆಯವರನ್ನು ಈ ವಾರವೇ ಬಸ್ಸು ಹತ್ತಿಸಿ ಸೋಲಾಪುರದ ಸಿವಿಲ್ ಆಸ್ಪತ್ರೆಗೆ ಕಳಿಸಿ. ಸದ್ದಿಗೆ ಕಿವಿಯ ನರ, ಮಿದುಳು ಓಗೊಡುತ್ತವೆಯೇ ಎಂದು ನೋಡುವ ಬೆರಾ ಪರೀಕ್ಷೆ ಆಗಲೇಬೇಕೆಂದು ಕೇಳಲು ಹೇಳಿಕೊಡಿ. ಸಾಧ್ಯವಾದರೆ ನೀವೇ ಜೊತೆಗೆ ಹೋಗಿ.