ಟೆಂಪ್ಲೇಟು ಅವರದ್ದು, ಹೊಣೆ ನಮ್ಮದು

ಬ್ಲಾಗ್ ಶುರು ಮಾಡುವಾಗ ನಾವೆಲ್ಲ ಮೊದಲು ಮಾಡೋ ಕೆಲಸ ಏನು ಹೇಳಿ? ಬರೆಯೋದಂತೂ ಅಲ್ಲ, ಚೆಂದದ ಒಂದು ಟೆಂಪ್ಲೇಟು ಹುಡುಕೋದು! ಅದರೊಳಗೆ ಯಾರದ್ದೋ ಹಳೇ ಕೊಂಡಿ ಉಳಿದಿದ್ದರೆ ಆರು ತಿಂಗಳ ಮೇಲೆ ಕಣ್ಣಿಗೆ ಬಿದ್ದಾಗ ತೆಗೆದರಾಯ್ತು, ಯಾರ ಗಂಟೂ ಹೋಗಲ್ಲ. ಸ್ಮಾರ್ಟ್ ಕಾಂಟ್ರಾಕ್ಟ್ ಬರೆಯೋರೂ ಹೀಗೇ ಟೆಂಪ್ಲೇಟಿನಿಂದ ಶುರು ಮಾಡ್ತಾರೆ. ಆದರೆ ಅಲ್ಲಿ "ಆಮೇಲೆ ತೆಗೆದರಾಯ್ತು" ಅನ್ನೋ ಸೌಕರ್ಯ ಇಲ್ಲ. ನನ್ನ ತಕರಾರು ಇರೋದು ಇಲ್ಲೇ.

ಗೊತ್ತಿಲ್ಲದವರಿಗೆ ಎರಡು ಮಾತು. ಸ್ಮಾರ್ಟ್ ಕಾಂಟ್ರಾಕ್ಟ್ ಅಂದರೆ ಎಥೀರಿಯಂನಂಥ ಬ್ಲಾಕ್‌ಚೈನ್ ಮೇಲೆ ಇಡುವ ಪ್ರೋಗ್ರಾಮು. ದುಡ್ಡು ಅದರ ಕೈಯಲ್ಲೇ ಇರುತ್ತೆ, ಯಾರಿಗೆ ಯಾವಾಗ ಕೊಡಬೇಕು ಅಂತ ಅದೇ ತೀರ್ಮಾನಿಸುತ್ತೆ. ಒಮ್ಮೆ ಅಲ್ಲಿ ಇಟ್ಟ ಮೇಲೆ ಅದರ ಕೋಡ್ ಬದಲಾಯಿಸೋಕೆ ಆಗಲ್ಲ. ಪ್ರಾಕ್ಸಿ ಅನ್ನೋ ಉಪಾಯ ಇದೆ ನಿಜ. ಆದರೆ ಆಗ ಬದಲಾಯಿಸುವ ಕೀಲಿ ಯಾರ ಹತ್ತಿರ ಇದೆ ಅನ್ನೋ ಹೊಸ ಚಿಂತೆ ಹುಟ್ಟುತ್ತೆ.

ಇಂಥ ಪ್ರಾಜೆಕ್ಟ್ ಶುರು ಮಾಡೋದು ಈಗ ಬಲು ಸುಲಭ. ಫೌಂಡ್ರಿ ಅನ್ನೋ ಸಲಕರಣೆಯಲ್ಲಿ "ಫೋರ್ಜ್ ಇನಿಟ್" ಅಂತ ಒಂದು ಸಾಲು ಟೈಪ್ ಮಾಡಿದರೆ ಸಾಕು. ಕೌಂಟರ್ ಅನ್ನೋ ಪುಟ್ಟ ಮಾದರಿ ಕಾಂಟ್ರಾಕ್ಟು, ಅದಕ್ಕೊಂದು ಟೆಸ್ಟು, ನೆಟ್‌ವರ್ಕಿಗೆ ಏರಿಸಲು ಒಂದು ಸ್ಕ್ರಿಪ್ಟು, ಎಲ್ಲ ಸಿದ್ಧ. ಈ ಕೌಂಟರ್ ಅಂತೂ ಒಂದು ಅಂಕಿಯನ್ನು ಇಟ್ಟುಕೊಂಡು ಹೆಚ್ಚಿಸುತ್ತೆ, ಅಷ್ಟೇ. ಓದೋಕೆ ಎರಡು ನಿಮಿಷ ಸಾಕು. ಇದರ ಬಗ್ಗೆ ನನ್ನ ದೂರಿಲ್ಲ. ದೂರಿರೋದು "ಟೋಕನ್ನು, ಸಾಲ, ಮತದಾನ ಎಲ್ಲ ಒಳಗೇ ಇದೆ, ಹೆಸರು ಬದಲಾಯಿಸಿ ಸಾಕು" ಅನ್ನೋ ದೊಡ್ಡ ದೊಡ್ಡ ಟೆಂಪ್ಲೇಟುಗಳ ಬಗ್ಗೆ.

ಲೈಬ್ರರಿಗೂ ಟೆಂಪ್ಲೇಟಿಗೂ ಒಂದು ವ್ಯತ್ಯಾಸ ಇದೆ. ಓಪನ್‌ಝೆಪೆಲಿನ್‌ನಂಥ ಲೈಬ್ರರಿ ಬಳಸಿದರೆ ನಾವು ಇಂಥ ಆವೃತ್ತಿ ಅಂತ ಹೆಸರಿಸಿ ಸೇರಿಸ್ತೀವಿ. ಅದರಲ್ಲಿ ದೋಷ ಸಿಕ್ಕಿದರೆ ಅವರು ತಿದ್ದಿ ಹೊಸ ಆವೃತ್ತಿ ಬಿಡ್ತಾರೆ, ನಮ್ಮ ಆವೃತ್ತಿಯಲ್ಲಿ ಆ ದೋಷ ಇದೆಯಾ ಅಂತ ನೋಡಬಹುದು. ಟೆಂಪ್ಲೇಟು ಹಾಗಲ್ಲ. ನಕಲು ಮಾಡಿದ ಕ್ಷಣದಿಂದ ಅದು ನಮ್ಮದು. ಮೂಲದವರು ನಾಳೆ ತಪ್ಪು ತಿದ್ದಿಕೊಂಡರೂ ಆ ಸುದ್ದಿ ತಾನಾಗಿ ನಮ್ಮ ಫೋಲ್ಡರಿಗೆ ಬರಲ್ಲ.

ಇದು ಬರೀ ತರ್ಕ ಅಲ್ಲ. ಕಾಂಪೌಂಡ್ ಅನ್ನೋ ಸಾಲದ ವ್ಯವಸ್ಥೆಯ ಎರಡನೇ ಆವೃತ್ತಿಯನ್ನು ನಕಲು ಮಾಡಿ ಎಷ್ಟೋ ಯೋಜನೆಗಳು ಹುಟ್ಟಿಕೊಂಡವು. ಹೊಸದಾಗಿ ತೆರೆದ ಮಾರುಕಟ್ಟೆ ಖಾಲಿ ಇದ್ದಾಗ, ಅಂಕಿಗಳನ್ನು ಪೂರ್ಣಾಂಕಕ್ಕೆ ಇಳಿಸುವಲ್ಲಿ ಒಂದು ಸಣ್ಣ ಸಂದು ಅದರಲ್ಲಿತ್ತು. 2023ರ ಏಪ್ರಿಲ್‌ನಲ್ಲಿ ಆ ಸಂದಿನಿಂದಲೇ ಹಂಡ್ರೆಡ್ ಫೈನಾನ್ಸ್ ಸುಮಾರು 70 ಲಕ್ಷ ಡಾಲರ್ ಕಳೆದುಕೊಂಡಿತು. ಊರಿಗೆಲ್ಲ ಗೊತ್ತಾಯ್ತು. ಆದರೂ 2024ರ ಮೇ ತಿಂಗಳಲ್ಲಿ ಸೋನ್ ಫೈನಾನ್ಸ್ ಅದೇ ಬಗೆಯ ದಾಳಿಯಲ್ಲಿ ಸುಮಾರು 2 ಕೋಟಿ ಡಾಲರ್ ಕಳೆದುಕೊಂಡಿತು! ಆ ದುಡ್ಡಿನಲ್ಲಿ ಕೋಡ್ ಬರೆದವರದ್ದಷ್ಟೇ ಅಲ್ಲ, ನಂಬಿ ಇಟ್ಟವರದ್ದೂ ಇತ್ತು.

ಹಾಗಂತ ಅರ್ಥವಾಗದ್ದನ್ನೆಲ್ಲ ಕಿತ್ತು ಬಿಸಾಕಿ ಅಂತಲೂ ನಾನು ಹೇಳಲ್ಲ. ಪ್ರಾಕ್ಸಿ ಬಳಸುವ ಟೆಂಪ್ಲೇಟುಗಳಲ್ಲಿ "ಇನಿಶಿಯಲೈಸರ್ ಮುಚ್ಚಿಬಿಡು" ಅನ್ನೋ ಒಂದು ಸಾಲು ಇರುತ್ತೆ, ನೋಡಿದರೆ ದಂಡ ಅನಿಸುತ್ತೆ. ಅಂಥ ರಕ್ಷಣೆ ಇಲ್ಲದಿದ್ದರೆ ಏನಾಗುತ್ತೆ ಅನ್ನೋದಕ್ಕೆ 2017ರ ನವೆಂಬರ್ ಸಾಕ್ಷಿ. ಪ್ಯಾರಿಟಿ ವಾಲೆಟ್‌ಗಳು ನೆಚ್ಚಿಕೊಂಡಿದ್ದ ಒಂದು ಸಾಮಾನ್ಯ ಕಾಂಟ್ರಾಕ್ಟನ್ನು ಯಾರೂ ಇನಿಶಿಯಲೈಸ್ ಮಾಡಿರಲಿಲ್ಲ. ಯಾರೋ ಒಬ್ಬರು ಅದಕ್ಕೆ ಒಡೆಯರಾಗಿ ಅದನ್ನು ಅಳಿಸಿಯೇಬಿಟ್ಟರು. 5 ಲಕ್ಷಕ್ಕೂ ಹೆಚ್ಚು ಈಥರ್ ಸಿಕ್ಕಿಹಾಕಿಕೊಂಡಿತು, ಇವತ್ತಿಗೂ ಯಾರ ಕೈಗೂ ಸಿಗದೆ ಹಾಗೇ ಕೂತಿದೆ. ಅಂದರೆ ಅರ್ಥವಾಗದ್ದನ್ನು ಇಟ್ಟುಕೊಳ್ಳೋದೂ ಅಪಾಯ, ತೆಗೆಯೋದೂ ಅಪಾಯ. ಉಳಿದಿರೋದು ಒಂದೇ ದಾರಿ, ಓದೋದು.

ಏನೇನು ಓದಬೇಕು? ಮೊದಲು, ಒಡೆಯ ಯಾರು ಅನ್ನೋದು. ಓಪನ್‌ಝೆಪೆಲಿನ್‌ನ "ಓನಬಲ್" ಹಿಂದೆಲ್ಲ ಏರಿಸಿದವರನ್ನೇ ಸದ್ದಿಲ್ಲದೆ ಒಡೆಯರನ್ನಾಗಿ ಮಾಡ್ತಿತ್ತು. 2023ರಲ್ಲಿ ಬಂದ 5ನೇ ಆವೃತ್ತಿಯಿಂದ ಒಡೆಯರ ವಿಳಾಸವನ್ನು ನಾವೇ ಕೊಡಬೇಕು. ಇದರಿಂದ ಹಳೇ ಪಾಠದ ಕೋಡ್ ಕಂಪೈಲ್ ಆಗಲ್ಲ ಅಂತ ಗೊಣಗೋರಿದ್ದಾರೆ. ನನಗಂತೂ ಅದು ಒಳ್ಳೇ ಕಿರಿಕಿರಿ, ಒಂದು ಕ್ಷಣ ನಿಂತು ಯೋಚಿಸುವ ಹಾಗೆ ಮಾಡುತ್ತೆ.

ಎರಡನೇದು, ಕೀಲಿಗಳು. ಹಾರ್ಡ್‌ಹ್ಯಾಟ್, ಫೌಂಡ್ರಿ ಎರಡೂ ಪರೀಕ್ಷೆಗೆ ಕೊಡುವ ಖಾತೆಗಳು ಒಂದೇ ಗುಟ್ಟಿನ ಸಾಲಿನಿಂದ ಬಂದವು: "ಟೆಸ್ಟ್" ಹನ್ನೊಂದು ಸಲ, ಕೊನೆಗೆ "ಜಂಕ್". ಇಡೀ ಜಗತ್ತಿಗೆ ಗೊತ್ತಿರುವ ಗುಟ್ಟು! ನಮ್ಮ ಕಂಪ್ಯೂಟರಿನಲ್ಲಿ ಆಡೋಕೆ ಅದು ಸರಿ, ಅಸಲಿ ನೆಟ್‌ವರ್ಕಿನಲ್ಲಿ ಆ ಖಾತೆಗೆ ಕಳಿಸಿದ ದುಡ್ಡು ದಾರಿಯಲ್ಲಿ ಚೆಲ್ಲಿದಂತೆ.

ಮೂರನೇದು ಲೈಸೆನ್ಸ್ ಸಾಲು. "ಅನ್‌ಲೈಸೆನ್ಸ್ಡ್" ಅಂದರೆ ಯಾರಿಗೂ ಬಳಸುವ ಹಕ್ಕು ಕೊಟ್ಟಿಲ್ಲ ಅಂತ, "ಅನ್‌ಲೈಸೆನ್ಸ್" ಅಂದರೆ ಯಾರು ಬೇಕಾದರೂ ಬಳಸಿಕೊಳ್ಳಿ ಅಂತ. ಇಂಗ್ಲಿಷಿನ ಒಂದೇ ಅಕ್ಷರದಲ್ಲಿ ಅರ್ಥ ತಲೆಕೆಳಗು!

ಟೋಕನ್ನಿನಂಥ ಸವೆದ ದಾರಿಯನ್ನು ಮತ್ತೆ ಮೊದಲಿಂದ ಕಡಿಯುವ ಹಟ ಬೇಡ, ಅದಕ್ಕೆ ಲೈಬ್ರರಿ ಇದೆ. ಆದರೆ ಮಿಕ್ಕಿದ್ದಕ್ಕೆ ಚಿಕ್ಕ ಖಾಲಿ ಟೆಂಪ್ಲೇಟೇ ಸಾಕು ಅನ್ನೋದು ನನ್ನ ಅಭಿಪ್ರಾಯ. ಸೇರಿಸುವ ಒಂದೊಂದು ಸಾಲನ್ನೂ ಪಕ್ಕದ ಸೀಟಿನವರಿಗೆ ವಿವರಿಸೋಕೆ ಬರಬೇಕು, ಬರದಿದ್ದರೆ ಅದು ಬೇರೆಯವರ ದುಡ್ಡನ್ನು ಕಾಯೋಕೆ ಇನ್ನೂ ತಯಾರಾಗಿಲ್ಲ ಅಂತಲೇ ಲೆಕ್ಕ. ಶುರು ಮಾಡೋದು ನಾಲ್ಕು ದಿನ ತಡವಾಗಬಹುದು, ಆಗಲಿ ಬಿಡಿ.

ನೀವೇನಂತೀರಿ?