ದನದ ಡಾಕ್ಟ್ರಿಗೂ ನಂಬರ್ ಇದೆ, ಕೇಳೋರಿಲ್ಲ!

ಬಸ್ಸು ಓಡಿಸುವವನಿಗೆ ಲೈಸೆನ್ಸ್ ಬೇಕು. ಆಟೋದವನಿಗೆ ಬ್ಯಾಡ್ಜ್ ಬೇಕು. ಗಾಂಧಿ ಬಜಾರಿನ ಅಂಗಡಿಯ ತಕ್ಕಡಿಗೆ ಸರ್ಕಾರಿ ಮುದ್ರೆ ಇಲ್ಲದಿದ್ದರೆ ದಂಡ ತಪ್ಪಿದ್ದಲ್ಲ. ಇಷ್ಟೆಲ್ಲ ಕಟ್ಟುನಿಟ್ಟು ಇರುವಾಗ, ಸೊಸೈಟಿ ಸಾಲ ಮಾಡಿ ತಂದ ಹಸುವಿನ ಕುತ್ತಿಗೆಗೆ ಸೂಜಿ ಚುಚ್ಚುವವನನ್ನು ಮಾತ್ರ “ನಿಮ್ಮ ನಂಬರ್ ಎಷ್ಟು ಸ್ವಾಮಿ?” ಎಂದು ಕೇಳುವವರಿಲ್ಲ.

ಬೈಕಿನಲ್ಲಿ ಬಂದ, ಬ್ಯಾಗು ತೆಗೆದ, ಚುಚ್ಚಿದ, ದುಡ್ಡು ಇಸ್ಕೊಂಡ, ಹೋದ. ಚೀಟಿ ಇಲ್ಲ, ಯಾವ ಔಷಧ ಎಂಬ ಸುಳಿವಿಲ್ಲ. ಬೆಳಗಾಗುವಷ್ಟರಲ್ಲಿ ಹಸು ಏಳದಿದ್ದರೆ ಯಾರನ್ನು ಕೇಳುವುದು? ಅವರ ಫೋನ್ ಸ್ವಿಚ್ ಆಫ್!

ಕಾನೂನು ಇಲ್ಲವೇ? ಧಾರಾಳವಾಗಿ ಇದೆ. ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆ 1984ರಲ್ಲೇ ಬಂತು. ಪಶುವೈದ್ಯವೆಂಬುದು ಸಂವಿಧಾನದ ಪ್ರಕಾರ ರಾಜ್ಯಗಳ ಪಟ್ಟಿಗೆ ಸೇರಿದ ವಿಷಯ. ಹೀಗಾಗಿ ಮೊದಲಿಗೆ ಬಿಹಾರ, ಹರಿಯಾಣ, ಹಿಮಾಚಲ ಪ್ರದೇಶ, ಒರಿಸ್ಸಾ, ರಾಜಸ್ಥಾನ ಈ 5 ರಾಜ್ಯಗಳಿಗೂ ಕೇಂದ್ರಾಡಳಿತ ಪ್ರದೇಶಗಳಿಗೂ ಮಾತ್ರ ಅದು ಅನ್ವಯವಾಗಿತ್ತು; ಕರ್ನಾಟಕ ಆಮೇಲೆ ಒಪ್ಪಿಕೊಂಡಿತು. ಈಗ ಬೆಂಗಳೂರಿನಲ್ಲಿ ಕರ್ನಾಟಕ ಪಶುವೈದ್ಯಕೀಯ ಪರಿಷತ್ತು ಇದೆ, ಅದರ ಬಳಿ ಡಾಕ್ಟರುಗಳ ಹೆಸರಿನ ರಿಜಿಸ್ಟರ್ ಇದೆ.

ನಮ್ಮೂರಿನ ವಿನೋಬನಗರದಲ್ಲೇ ಪಶುವೈದ್ಯಕೀಯ ಕಾಲೇಜು ಇರುವುದು ಎಲ್ಲರಿಗೂ ಗೊತ್ತು. ಬೀದರ್ ವಿಶ್ವವಿದ್ಯಾನಿಲಯಕ್ಕೆ ಸೇರಿದ ಈ ಕಾಲೇಜಿನಲ್ಲಿ ಹುಡುಗರು ಇಂಟರ್ನ್‌ಷಿಪ್ ಸೇರಿ ಐದೂವರೆ ವರ್ಷ ಓದುತ್ತಾರೆ. ಆದರೆ ಪದವಿ ಕೈಗೆ ಬಂದ ಮಾತ್ರಕ್ಕೆ ಸೂಜಿ ಹಿಡಿಯುವಂತಿಲ್ಲ. ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು, ನಂಬರ್ ಪಡೆಯಬೇಕು, 5 ವರ್ಷಕ್ಕೊಮ್ಮೆ ನವೀಕರಿಸಬೇಕು. ವೃತ್ತಿಯಲ್ಲಿ ಅಡ್ಡದಾರಿ ಹಿಡಿದದ್ದು ವಿಚಾರಣೆಯಲ್ಲಿ ಸಾಬೀತಾದರೆ ಹೆಸರನ್ನೇ ಪಟ್ಟಿಯಿಂದ ತೆಗೆಯುವ ಅಧಿಕಾರ ಪರಿಷತ್ತಿಗಿದೆ. ಜಾನುವಾರಿನ ಆರೋಗ್ಯದ ಸರ್ಟಿಫಿಕೇಟಿಗೆ ಸಹಿ ಹಾಕುವುದಕ್ಕೂ, ಕೋರ್ಟಿನಲ್ಲಿ ತಜ್ಞನಾಗಿ ಸಾಕ್ಷಿ ಹೇಳುವುದಕ್ಕೂ ಆ ನಂಬರ್ ಇದ್ದವರಿಗೇ ಹಕ್ಕು.

ಹಾಗಾದರೆ ದನದ ಆಸ್ಪತ್ರೆಯ ಇನ್ಸ್‌ಪೆಕ್ಟರುಗಳು, ಹಿಂದೆ ಸ್ಟಾಕ್‌ಮನ್ ಎಂದು ಕರೆಸಿಕೊಳ್ಳುತ್ತಿದ್ದವರು, ಮಾಡುವುದೆಲ್ಲ ತಪ್ಪೇ? ಅಲ್ಲ. ಸರ್ಕಾರದ ಆದೇಶದ ಮೇಲೆ, ನೋಂದಾಯಿತ ಡಾಕ್ಟರ ಮೇಲ್ವಿಚಾರಣೆಯಲ್ಲಿ ಲಸಿಕೆ ಹಾಕುವುದು, ಹೋರಿಯ ಬೀಜ ಒಡೆಯುವುದು, ಗಾಯಕ್ಕೆ ಕಟ್ಟು ಕಟ್ಟುವುದು ಮುಂತಾದ ಸಣ್ಣ ಚಿಕಿತ್ಸೆಗಳನ್ನು ಅವರು ಮಾಡಬಹುದು. ಅದರಾಚೆಗಿಲ್ಲ. ಮಹಾರಾಷ್ಟ್ರದಲ್ಲಿ ಹಳೇ ಕಾನೂನಿನಡಿ ಸ್ವತಂತ್ರವಾಗಿ ಚಿಕಿತ್ಸೆ ಮಾಡುತ್ತಿದ್ದ ಡಿಪ್ಲೊಮಾದವರು ಸುಪ್ರೀಂ ಕೋರ್ಟ್ ಹತ್ತಿದಾಗ, 2007ರಲ್ಲಿ ಬಂದ ತೀರ್ಪೂ ಇದನ್ನೇ ಹೇಳಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ನಡುರಾತ್ರಿ ಕರು ಅಡ್ಡ ಸಿಕ್ಕಿಕೊಂಡಾಗ ಲಾಟೀನೋ ಟಾರ್ಚೋ ಹಿಡಿದು ಕೊಟ್ಟಿಗೆಗೆ ಓಡಿ ಬರುವವರು ಎಷ್ಟೋ ಸಲ ಇದೇ ಇನ್ಸ್‌ಪೆಕ್ಟರುಗಳು. ಡಾಕ್ಟ್ರು ಒಬ್ಬರು, ಹಳ್ಳಿ ಹತ್ತಾರು ಎಂದಾದಾಗ ರೈತ ಕಾಯ್ದೆಯ ಪುಸ್ತಕ ತೆಗೆದು ನೋಡುತ್ತಾನೆಯೇ? ಕೈಗೆ ಸಿಕ್ಕವರ ಕಾಲು ಹಿಡಿಯುತ್ತಾನೆ. ತರಬೇತಿ ಪಡೆದ, ಡಾಕ್ಟರ ಕೈಕೆಳಗೆ ದುಡಿಯುವ ಇವರನ್ನೂ, ಎಲ್ಲೋ ನಾಲ್ಕು ದಿನ ಬ್ಯಾಗು ಹೊತ್ತು ‘ಡಾಕ್ಟರ್’ ಎಂದು ಬೋರ್ಡು ಹಾಕಿಕೊಂಡವನನ್ನೂ ಒಂದೇ ದೊಡ್ಡಿಗೆ ಕೂಡುವುದು ನ್ಯಾಯವಲ್ಲ.

ನಷ್ಟದ ಲೆಕ್ಕ ನೋಡಿ. ಹಸು ಸತ್ತರೆ ವಿಮಾ ಕಂಪನಿ ಕೇಳುವುದು ಕಿವಿಯ ಓಲೆ ಮತ್ತು ಡಾಕ್ಟರ ಸರ್ಟಿಫಿಕೇಟು. “ಯಾರು ಚಿಕಿತ್ಸೆ ಮಾಡಿದ್ರು?” ಎಂದರೆ, “ಅವರ್ಯಾರೋ ಜನ್ನಾಪುರದ ಕಡೆಯೋರು ಸಾರ್” ಎಂಬ ಉತ್ತರಕ್ಕೆ ಕ್ಲೇಮು ಸಿಗುತ್ತದೆಯೇ? ಸಾಲ ಮಾತ್ರ ಹಾಗೇ ಉಳಿಯುತ್ತದೆ.

“ನಮಗೆ ದನವೇ ಇಲ್ಲವಲ್ಲ” ಎನ್ನುವ ಪೇಟೆಯವರೂ ಹಾಯಾಗಿ ಕೂರುವಂತಿಲ್ಲ. ಕೆಚ್ಚಲು ಬಾವಿಗೆ ಆಂಟಿಬಯಾಟಿಕ್ ಕೊಟ್ಟ ಮೇಲೆ ಇಂತಿಷ್ಟು ದಿನ ಆ ಹಾಲು ಮಾರಬಾರದು ಎಂಬ ನಿಯಮವಿದೆ. ಎಷ್ಟು ದಿನ ಎಂದು ಹೇಳಬೇಕಾದವನು ಡಾಕ್ಟ್ರು. ಬ್ಯಾಗಿನವನು ಹೇಳುವುದಿಲ್ಲ, ಪಾಪ, ಅವನಿಗೇ ಗೊತ್ತಿರುವುದಿಲ್ಲ. ಮನೆಮನೆಗೆ ಕ್ಯಾನು ಹೊತ್ತು ಹಾಕುವ ಹಾಲನ್ನು ಪರೀಕ್ಷಿಸುವವರು ಯಾರು? ಅದು ಬಸ್ ಸ್ಟ್ಯಾಂಡಿನ ಟೀ ಅಂಗಡಿಗೂ ಬರಬಹುದು.

ಮೆಡಿಕಲ್ ಶಾಪಿನವರೂ ಸ್ವಲ್ಪ ಯೋಚಿಸಬೇಕು. ಡಾಕ್ಟರ ಚೀಟಿ ಇಲ್ಲದೆ ಕೊಡಬಾರದ ಔಷಧ ದನಕ್ಕಾದರೂ ಅಷ್ಟೇ, ಮನುಷ್ಯನಿಗಾದರೂ ಅಷ್ಟೇ. ಡೈಕ್ಲೊಫೆನಾಕ್ ಕಥೆ ಎಲ್ಲರಿಗೂ ಪಾಠವಾಗಬೇಕಿತ್ತು. ಈ ನೋವಿನ ಔಷಧ ಕೊಟ್ಟ ದನ ಸತ್ತು, ಅದನ್ನು ತಿಂದ ರಣಹದ್ದುಗಳು ನಿರ್ನಾಮವಾಗುತ್ತ ಬಂದವು. 2006ರಲ್ಲಿ ಸರ್ಕಾರ ಅದನ್ನು ದನಗಳಿಗೆ ನಿಷೇಧಿಸಿತು. ಆಗ ಮನುಷ್ಯರ ದೊಡ್ಡ ಸೀಸೆಗಳೇ ಕೊಟ್ಟಿಗೆಗೆ ಹೋಗತೊಡಗಿದವು! ಕೊನೆಗೆ 2015ರಲ್ಲಿ ಆ ಇಂಜೆಕ್ಷನ್ನು 3 ಮಿ.ಲೀ. ಸೀಸೆಯಲ್ಲಿ ಮಾತ್ರ ಬರಬೇಕೆಂದು ಆಜ್ಞೆ ಮಾಡಬೇಕಾಯಿತು.

ಕಾಯ್ದೆಯ ದೊಡ್ಡ ಕೊರತೆ ಏನೆಂದರೆ, ಪರಿಷತ್ತು ಶಿಸ್ತುಕ್ರಮ ಕೈಗೊಳ್ಳಲು ಸಾಧ್ಯವಿರುವುದು ತನ್ನ ಪಟ್ಟಿಯಲ್ಲಿ ಇರುವವರ ಮೇಲೆ. ಪಟ್ಟಿಯಲ್ಲೇ ಇಲ್ಲದವನ ಹೆಸರನ್ನು ಎಲ್ಲಿಂದ ತೆಗೆಯುವುದು? ಅವನನ್ನು ಕೋರ್ಟಿಗೇ ಎಳೆಯಬೇಕು. ನೋಂದಣಿಯಾಗಿದೆ ಎಂದು ಸುಳ್ಳು ಹೇಳಿದವನಿಗೆ ಮೊದಲ ಸಲ ದಂಡ ಮಾತ್ರ. ಎರಡನೇ ಸಲ ಸಿಕ್ಕಿಬಿದ್ದರೆ ಜೈಲಿನ ಮಾತು, ಅದೂ ಆರು ತಿಂಗಳಿಗೆ ಮೀರದು. ಇಷ್ಟಕ್ಕೆ ಯಾವ ರೈತ ಕೆಲಸ ಬಿಟ್ಟು ಕೋರ್ಟಿಗೆ ಅಲೆಯುತ್ತಾನೆ?

ಆದ್ದರಿಂದ ಪಶುಪಾಲನಾ ಇಲಾಖೆಯವರು ಎರಡು ಕೆಲಸ ಮಾಡಲಿ. ಡಾಕ್ಟರಿಲ್ಲದ ಆಸ್ಪತ್ರೆಗೆ ಡಾಕ್ಟರನ್ನು ಕೊಡಲಿ. 1962 ನಂಬರಿಗೆ ಫೋನ್ ಮಾಡಿದರೆ ಸಂಚಾರಿ ವಾಹನ ಬರುತ್ತದೆ ಎಂಬುದನ್ನು ಸಂತೆಯಲ್ಲಿ ಮೈಕು ಕಟ್ಟಿ ಹೇಳಲಿ. ಎರಡನೆಯದಕ್ಕೆ ಬಜೆಟ್ಟೂ ಬೇಡ. ಪೇಟೆಯ ನಾಯಿ-ಬೆಕ್ಕಿನ ಕ್ಲಿನಿಕ್ಕಿನಿಂದ ಹಿಡಿದು ಹಳ್ಳಿಯ ದನದ ಆಸ್ಪತ್ರೆಯವರೆಗೆ ಡಾಕ್ಟರ ಹೆಸರಿನ ಪಕ್ಕದಲ್ಲಿ ನೋಂದಣಿ ನಂಬರ್ ಕಾಣುವಂತೆ ಬರೆಸಲಿ. ಶಿವಮೊಗ್ಗ-ಭದ್ರಾವತಿ ಬಸ್ಸಿನವರು ದಿನಾ ನೋಡುವ ಮಾಚೇನಹಳ್ಳಿ ಡೇರಿಯವರೂ ಇದಕ್ಕೆ ಕೈಜೋಡಿಸಬಹುದು. ಹಾಲಿನ ಸೊಸೈಟಿಯಲ್ಲಿ ಫ್ಯಾಟು, ರೇಟು ಬರೆಯುವ ಕರಿಹಲಗೆಯ ಕೆಳಗೆ ಆ ಭಾಗದ ಡಾಕ್ಟರ ಹೆಸರು, ನಂಬರ್ ಬರೆಯಲು ಒಂದು ಸಾಲು ಜಾಗ ಸಾಕು. ಸೀಮೆಸುಣ್ಣದ ಖರ್ಚು ಯಾರದು ಎಂಬುದನ್ನು ಇಲಾಖೆಯವರೂ ಒಕ್ಕೂಟದವರೂ ಕೂತು ತೀರ್ಮಾನಿಸಿಕೊಳ್ಳಲಿ.